ಹಾಡು ಇಳಿಯಿತು, ಹೆಸರು ಅಳಿಯಿತು

2010ರ ಆಸುಪಾಸಿನಲ್ಲಿ ತುಮಕೂರು ಜಿಲ್ಲೆಯ ಹಂದನಕೆರೆಯಂಥ ಹೋಬಳಿ ಊರುಗಳಲ್ಲಿ ಹಾಡು ಸಿಗುತ್ತಿದ್ದುದು ರೀಚಾರ್ಜ್ ಅಂಗಡಿಯಲ್ಲಿ. ಗಾಜಿನ ಕೌಂಟರಿನೊಳಗೆ ಚಾರ್ಜರ್, ಇಯರ್‌ಫೋನ್, ಸಿಮ್ಮಿನ ಪೊಟ್ಟಣಗಳು. ಮೂಲೆಯಲ್ಲಿ ದೂಳು ಹಿಡಿದ ಕಂಪ್ಯೂಟರ್. ಕಿರುಬೆರಳ ಉಗುರಿನಷ್ಟಿದ್ದ ಮೆಮೊರಿ ಕಾರ್ಡನ್ನು ಫೋನಿನಿಂದ ತೆಗೆದುಕೊಟ್ಟು, ‘ಒಂದಷ್ಟು ಹಾಡು ಹಾಕ್ಕೊಡಪ್ಪ’ ಎಂದರೆ ಆಯಿತು. ಅಂಗಡಿಯ ಹುಡುಗ ‘ಅಣ್ಣಾವ್ರು’, ‘ವಿಷ್ಣು ಹಿಟ್ಸ್’, ‘ಭಾವಗೀತೆ’, ‘ಜಾನಪದ’, ‘ದೇವ್ರದು’, ‘ಹೊಸಾವು’ ಎಂಬ ಫೋಲ್ಡರುಗಳನ್ನು ತೋರಿಸಿ ಯಾವುದು ಬೇಕೆಂದು ಕೇಳುತ್ತಿದ್ದ. ಬಹಳ ಮಂದಿ ‘ಎಲ್ಲಾ ಹಾಕು’ ಎನ್ನುತ್ತಿದ್ದರು. ಇಪ್ಪತ್ತೋ ಮೂವತ್ತೋ ರೂಪಾಯಿಗೆ ನೂರಾರು ಹಾಡು. ತಿಪಟೂರಿನ ಬಸ್ಸು ಬರುವಷ್ಟರಲ್ಲಿ ಕಾರ್ಡು ತುಂಬಿರುತ್ತಿತ್ತು. ಅಲ್ಲಿಂದಾಚೆಗೆ ಆ ಹಾಡುಗಳು ಕಾಯಿ ಸುಲಿಯುವ ಕಡೆ, ಟ್ರ್ಯಾಕ್ಟರಿನ ಮೇಲೆ, ಹಾಲು ಕರೆಯುವ ಕೊಟ್ಟಿಗೆಯಲ್ಲಿ, ರಾತ್ರಿ ಪಾಳಿಯ ತ್ರೀಫೇಸ್ ಕರೆಂಟಿಗೆ ಕಾದು ಪಂಪ್‌ಸೆಟ್ ಮನೆ ಮುಂದೆ ಕೂತವರ ಜೇಬಿನಲ್ಲಿ ಮೊಳಗುತ್ತಿದ್ದವು.

ಹಾಡು ಬರುವಾಗ ಆ ಫೋನುಗಳ ಸಣ್ಣ ಪರದೆಯ ಮೇಲೆ ಅಕ್ಷರಗಳು ಹರಿದುಹೋಗುತ್ತಿದ್ದವು. ಹಾಡಿನ ಹೆಸರು, ಹಾಡಿದವರ ಹೆಸರು, ಆಲ್ಬಮ್ಮಿನ ಹೆಸರು ಬರಬೇಕಾದ ಜಾಗ ಅದು. ಅಲ್ಲಿ ಕಾಣುತ್ತಿದ್ದುದು ಯಾವುದೋ ವೆಬ್‌ಸೈಟಿನ ವಿಳಾಸ. ಹಾಡನ್ನು ಮೊದಲು ಕದ್ದು ಅಂತರ್ಜಾಲಕ್ಕೆ ಏರಿಸಿದವರು ಗಾಯಕರ ಜಾಗದಲ್ಲೂ, ಸಂಗೀತ ನಿರ್ದೇಶಕರ ಜಾಗದಲ್ಲೂ, ಕವಿಯ ಜಾಗದಲ್ಲೂ ತಮ್ಮ ವಿಳಾಸವನ್ನೇ ತುಂಬಿರುತ್ತಿದ್ದರು. ಅದಕ್ಕೂ ಹಿಂದಿನ ಕ್ಯಾಸೆಟ್ಟಿನ ಡಬ್ಬಿ ತೆರೆದರೆ ಒಳಗೊಂದು ಮಡಿಸಿದ ಕಾಗದ ಇರುತ್ತಿತ್ತು. ಸಾಹಿತ್ಯ ಇಂಥವರದು, ರಾಗಸಂಯೋಜನೆ ಇಂಥವರದು, ಗಾಯನ ಇಂಥವರದು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಒಳ್ಳೆಯ ಕ್ಯಾಸೆಟ್ಟುಗಳಲ್ಲಿ ತಬಲ ಯಾರು, ಕೊಳಲು ಯಾರು, ಧ್ವನಿಮುದ್ರಣ ಯಾರದು ಎಂಬುದೂ ಇರುತ್ತಿತ್ತು. ಭಾವಗೀತೆ ಕೇಳುತ್ತಿದ್ದ ಎಷ್ಟೋ ಮನೆಗಳಲ್ಲಿ ಕವಿಗಳ ಹೆಸರು ಪರಿಚಯವಾದದ್ದು ಪಠ್ಯಪುಸ್ತಕದಷ್ಟೇ ಆ ಕಾಗದದಿಂದ.

ಹಣ ಕೊಡದೆ ಹಾಡು ಇಳಿಸಿಕೊಳ್ಳುವುದು ತಪ್ಪೇ ಎಂಬ ಪ್ರಶ್ನೆಗೆ ‘ಕಳ್ಳತನ ಕಳ್ಳತನವೇ’ ಎಂಬ ಉತ್ತರ ಸುಲಭಕ್ಕೆ ಸಿಗುತ್ತದೆ. ‘ಕಂಪನಿಯವರೇನು ಬಡವರೇ, ಬಿಡಿ’ ಎಂಬ ಉತ್ತರ ಇನ್ನೂ ಸುಲಭ. ಎರಡೂ ನನಗೆ ಸಾಲುವುದಿಲ್ಲ. ತಪ್ಪು ಆಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅದರ ಪೆಟ್ಟು ಬಿದ್ದದ್ದು ಯಾರಿಗೆ ಎಂದು ನೋಡಹೊರಟರೆ, ಪೈರಸಿ ವಿರುದ್ಧ ವೇದಿಕೆಯಲ್ಲಿ ಮಾತಾಡಿದವರು ಅಲ್ಲಿ ಹೆಚ್ಚಾಗಿ ಕಾಣುವುದಿಲ್ಲ. ಯಾವ ವೇದಿಕೆಯನ್ನೂ ಹತ್ತದವರು ಕಾಣುತ್ತಾರೆ.

ನಕಲು ಶುರುವಾದದ್ದು ಮೆಮೊರಿ ಕಾರ್ಡಿನಿಂದಲ್ಲ. ಕ್ಯಾಸೆಟ್ ಕಾಲದಲ್ಲೂ ತಾಲ್ಲೂಕು ಕೇಂದ್ರಗಳಲ್ಲಿ ರೆಕಾರ್ಡಿಂಗ್ ಅಂಗಡಿಗಳಿದ್ದವು. ಬಿಳಿ ಹಾಳೆಯಲ್ಲಿ ಬೇಕಾದ ಹಾಡುಗಳ ಪಟ್ಟಿ ಬರೆದುಕೊಟ್ಟು ಅರವತ್ತು ನಿಮಿಷದ್ದೋ ತೊಂಬತ್ತು ನಿಮಿಷದ್ದೋ ಖಾಲಿ ಕ್ಯಾಸೆಟ್ ಇಟ್ಟುಬಂದರೆ, ಮುಂದಿನ ಸಂತೆಯ ಹೊತ್ತಿಗೆ ಎರಡೂ ಬದಿ ತುಂಬಿ ಸಿದ್ಧವಾಗಿರುತ್ತಿತ್ತು. ಮೇಲಿನ ಚೀಟಿಯಲ್ಲಿ ಅಂಗಡಿಯವರ ಅಂದದ ಕೈಬರಹ. ಅದೂ ಕಾನೂನಿಗೆ ವಿರುದ್ಧವೇ. ಆದರೂ ಅದಕ್ಕೊಂದು ಮಿತಿ ಇತ್ತು. ಒಂದು ಗಂಟೆಯ ಕ್ಯಾಸೆಟ್ ತುಂಬಲು ಹೆಚ್ಚುಕಡಿಮೆ ಒಂದು ಗಂಟೆ ಹಿಡಿಯುತ್ತಿತ್ತು. ನಕಲಿನ ನಕಲು ಮಾಡುತ್ತ ಹೋದರೆ ದನಿ ಮಂಕಾಗುತ್ತಿತ್ತು. ಅಂಗಡಿಯವರು ಮೂಲ ಕ್ಯಾಸೆಟ್ಟನ್ನಾದರೂ ಹಣ ಕೊಟ್ಟು ತರಬೇಕಿತ್ತು. ಎಂಪಿ3 ಬಂದ ಮೇಲೆ ಈ ಮೂರು ತಡೆಯೂ ಹೋಯಿತು. ಅಂತರ್ಜಾಲದಲ್ಲಿ ಹಾಡು ಹಂಚಿಕೊಳ್ಳಲೆಂದು ಅಮೆರಿಕದಲ್ಲಿ 1999ರಲ್ಲಿ ಶುರುವಾದ ನ್ಯಾಪ್‌ಸ್ಟರ್ 2001ರಲ್ಲಿ ನ್ಯಾಯಾಲಯದ ಆದೇಶಕ್ಕೆ ಸಿಕ್ಕಿ ಬಾಗಿಲು ಹಾಕಿತು. ಅದು ಕಲಿಸಿಕೊಟ್ಟ ಚಾಳಿ ಮಾತ್ರ ಹತ್ತು ವರ್ಷದೊಳಗೆ ಕಲ್ಪತರು ನಾಡಿನ ಬಸ್‌ಸ್ಟ್ಯಾಂಡುಗಳಿಗೂ ಬಂತು. ಸಂಗೀತ ಕಂಪನಿಗಳ ಒಕ್ಕೂಟ ಇಂಥ ಅಂಗಡಿಗಳಿಗೆ ಶುಲ್ಕ ಕಟ್ಟಿಸಿಕೊಂಡು ಪರವಾನಗಿ ಕೊಡುವ ಯೋಜನೆಯನ್ನೂ ತಂದಿತ್ತು. ಹೋಬಳಿ ಊರಿನ ರೀಚಾರ್ಜ್ ಅಂಗಡಿಯ ಗೋಡೆಯ ಮೇಲೆ ಅಂಥದೊಂದು ಪತ್ರವನ್ನು ನಾನಂತೂ ಕಂಡಿಲ್ಲ.

ನಮ್ಮ ಕಡೆ ಜನರಿಗೆ ಈ ವಿಷಯ ಹೇಳಹೋದರೆ ತೆಂಗಿನಕಾಯಿಯ ಮಾತು ಬಂದೇ ಬರುತ್ತದೆ. ಪಕ್ಕದವರ ತೋಟದಲ್ಲಿ ರಾತ್ರಿ ಉದುರಿದ ಕಾಯಿಯನ್ನು ಬೆಳಿಗ್ಗೆ ಎತ್ತಿಕೊಂಡು ಬಂದರೆ ಅದು ಕಳವು. ಕಾಯಿ ಬಿದ್ದಿತ್ತು, ಯಾರೂ ನೋಡುತ್ತಿರಲಿಲ್ಲ, ಅವರಿಗೆ ಐನೂರು ಮರ ಇದೆ ಎಂಬ ಯಾವ ಸಮಜಾಯಿಷಿಯೂ ನಡೆಯುವುದಿಲ್ಲ. ಆದರೆ ಹಾಡನ್ನು ನಕಲು ಮಾಡಿದರೆ ಕಾಯಿ ಅವರ ತೋಟದಲ್ಲೇ ಇರುತ್ತದಲ್ಲ, ನಮ್ಮ ಮನೆಗೂ ಒಂದು ಬರುತ್ತದೆ, ಅವರಿಗೆ ಕಡಿಮೆಯಾದದ್ದೇನು? ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಇದಕ್ಕೆ ನನಗೆ ತೋಚುವ ಉತ್ತರ ಇಷ್ಟು: ಕೇಳುಗರೆಲ್ಲ ಹೀಗೇ ಮಾಡಿದರೆ ಮುಂದಿನ ಸಸಿ ನೆಡುವವರು ಇರುವುದಿಲ್ಲ. ಈಗಾಗಲೇ ಆಗಿರುವ ಹಾಡಿಗೆ ನಷ್ಟವಿಲ್ಲ, ಆಗಬೇಕಿದ್ದ ಹಾಡಿಗೆ ನಷ್ಟ. ಆಗದೇ ಹೋದ ಹಾಡು ಯಾರ ಕಿವಿಗೂ ಬೀಳದ್ದರಿಂದ ಅದಕ್ಕಾಗಿ ಅಳುವವರೂ ಇಲ್ಲ.

ಕನ್ನಡದಲ್ಲಿ ಹಾಗೆ ಆಗದೇ ಹೋದ ಹಾಡುಗಳು ಯಾವುವು ಎಂದು ಕೇಳಿಕೊಂಡರೆ ಸಿನಿಮಾ ಹಾಡುಗಳೆಂದು ಹೇಳಲಾಗುವುದಿಲ್ಲ. 2006ರ ಡಿಸೆಂಬರ್ ಕೊನೆಯಲ್ಲಿ ತೆರೆಕಂಡ ‘ಮುಂಗಾರು ಮಳೆ’ಯ ಹಾಡುಗಳು ಬ್ಲೂಟೂತಿನಲ್ಲಿ ಫೋನಿನಿಂದ ಫೋನಿಗೆ ಹಾರಿದಷ್ಟು ಬೇರೆ ಹಾಡುಗಳು ಹಾರಿರಲಿಕ್ಕಿಲ್ಲ. ಆದರೂ ಅದರ ನಂತರ ಕನ್ನಡ ಸಿನಿಮಾ ಸಂಗೀತ ಸೊರಗಲಿಲ್ಲ. ಸಿನಿಮಾ ಹಾಡಿಗೆ ದುಡ್ಡು ಬರುವ ದಾರಿ ಹಲವು. ಹಾಡಿನ ಖರ್ಚು ಮೊದಲೇ ನಿರ್ಮಾಪಕರ ಲೆಕ್ಕದಲ್ಲಿರುತ್ತದೆ. ಹಾಡು ಹರಡಿದಷ್ಟೂ ಚಿತ್ರಮಂದಿರಕ್ಕೆ ಜನ. ಆಗ ತಿಂಗಳ ಬಾಡಿಗೆಯ ಕಾಲರ್ ಟ್ಯೂನ್ ಬಂದಿತ್ತು. ರೇಡಿಯೊ ಇತ್ತು, ಟಿವಿ ಇತ್ತು. ಬಾವಿಯಲ್ಲಿ ಒಂದು ಕಡೆ ನೀರು ಬಸಿದರೆ ಇನ್ನೊಂದು ಕಡೆ ಒಸರುತ್ತಿತ್ತು.

ಭಾವಗೀತೆಗೆ ಆ ದಾರಿಗಳಿರಲಿಲ್ಲ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಸುಗಮ ಸಂಗೀತದ ಮೊದಲ ಧ್ವನಿಸುರುಳಿ ಎಂದು ಅದನ್ನು ನೆನೆಯುತ್ತಾರೆ. ಅದರ ಬೆನ್ನಿಗೆ ಸಿ. ಅಶ್ವಥ್ ಅವರಿಂದ ಶಿಶುನಾಳ ಷರೀಫರ ಪದಗಳು, ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರ ಮಲ್ಲಿಗೆ’. ಶಿವಮೊಗ್ಗ ಸುಬ್ಬಣ್ಣ, ರತ್ನಮಾಲಾ ಪ್ರಕಾಶ್, ಮಾಲತಿ ಶರ್ಮ ಅವರ ದನಿಗಳು. ಬೇಂದ್ರೆ, ಕುವೆಂಪು, ಜಿ.ಎಸ್. ಶಿವರುದ್ರಪ್ಪ ಅವರ ಕವಿತೆ ಓದುಬರಹವಿಲ್ಲದ ಮನೆಯೊಳಕ್ಕೂ ಹೋದದ್ದು ಟೇಪ್‌ರೆಕಾರ್ಡರ್ ಮೂಲಕ. ಈ ಇಡೀ ಲೋಕ ನಿಂತಿದ್ದುದು ಮೂವತ್ತು-ಮೂವತ್ತೈದು ರೂಪಾಯಿಯ ಕ್ಯಾಸೆಟ್ಟನ್ನು ಮೇಷ್ಟ್ರೋ, ಬ್ಯಾಂಕಿನ ಗುಮಾಸ್ತರೋ, ಕೊಬ್ಬರಿ ಮಾರಿ ತಿಪಟೂರಿನಿಂದ ಊರಿಗೆ ಹಿಂತಿರುಗುವ ರೈತರೋ ಕೊಳ್ಳುತ್ತಿದ್ದರು ಎಂಬ ಒಂದೇ ಆಧಾರದ ಮೇಲೆ. ತತ್ವಪದ, ಹರಿಕಥೆ, ಸೋಬಾನೆ ಪದ, ಪೌರಾಣಿಕ ನಾಟಕದ ಕಂದಪದ್ಯಗಳ ಕ್ಯಾಸೆಟ್ಟುಗಳೂ ಅಷ್ಟೇ. ಹಿಂದೆ ನಿರ್ಮಾಪಕರಿಲ್ಲ, ಮುಂದೆ ಟಾಕೀಸಿಲ್ಲ. ಕೊಳ್ಳುವವರು ನಿಂತರೆ ಮಾಡುವವರೂ ನಿಂತರು. ಕಾರ್ಡು ತುಂಬಿಸುವಾಗ ‘ಎಲ್ಲಾ ಹಾಕು’ ಎಂದ ಮಾತಿನಲ್ಲಿ ಸಿನಿಮಾದ ಜತೆ ಈ ಸಣ್ಣ ಬಾಳೂ ಕೊಚ್ಚಿಹೋಯಿತು. ಪೈರಸಿಯಿಂದ ಇಂತಿಷ್ಟು ಕೋಟಿ ನಷ್ಟವೆಂದು ಉದ್ಯಮದವರು ಹೇಳುವಾಗ ಈ ಲೆಕ್ಕ ಅದರಲ್ಲಿ ಇರುವುದಿಲ್ಲ.

ಹಾಡುವವರಿಗೆ ಹೆಸರು ಬಂದು ವೇದಿಕೆ ಕಾರ್ಯಕ್ರಮ ಸಿಗುತ್ತದೆ, ನಷ್ಟ ಅಲ್ಲಿ ತುಂಬಿಕೊಳ್ಳುತ್ತದೆ ಎಂದು ವಾದಿಸುವವರಿದ್ದಾರೆ. ಮುಂಚೂಣಿಯ ಗಾಯಕರ ಮಟ್ಟಿಗೆ ಇದು ನಿಜ. ಬರೆದವರಿಗೆ ವೇದಿಕೆಯಿಲ್ಲ. ಸ್ಟುಡಿಯೊದಲ್ಲಿ ಕೊಳಲು ನುಡಿಸಿ ದಿನದ ಸಂಭಾವನೆ ಪಡೆದು ಮನೆಗೆ ಹೋದವರಿಗೂ ಇಲ್ಲ. ಧ್ವನಿಸುರುಳಿಗಳು ನಿಂತಾಗ ಅವರ ಕೈಯಿಂದ ಜಾರಿದ್ದು ಆ ದಿನದ ಸಂಭಾವನೆ. ಕಳ್ಳ ನಕಲಿನಲ್ಲಿ ಹೆಸರೇ ಇಲ್ಲದ ಮೇಲೆ ಖ್ಯಾತಿಯ ಸಮಾಧಾನವೂ ಇಲ್ಲ.

ಹಾಗಂತ ಕಂಪನಿಗಳಿಗೆ ನ್ಯಾಯವಾಗಿ ದುಡ್ಡು ಸಂದಾಗಲೆಲ್ಲ ಅದು ಬರೆದವರಿಗೂ ರಾಗ ಹಾಕಿದವರಿಗೂ ಮುಟ್ಟುತ್ತಿತ್ತೆಂದು ನಾನು ಹೇಳಲಾರೆ. ಗೀತಕಾರರು ಮತ್ತು ಸಂಗೀತಗಾರರ ಹಕ್ಕುಗಳಿಗಾಗಿ 1969ರಲ್ಲೇ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಹುಟ್ಟಿತ್ತು. ಚಲನಚಿತ್ರ ನಿರ್ಮಾಪಕರ ಜತೆಗಿನ ಅದರ ಮೊಕದ್ದಮೆಯಲ್ಲಿ 1977ರಲ್ಲಿ ಸುಪ್ರೀಂ ಕೋರ್ಟು, ಸಿನಿಮಾಕ್ಕಾಗಿ ದುಡ್ಡು ಕೊಟ್ಟು ಬರೆಸಿದ, ಸಂಯೋಜಿಸಿದ ಹಾಡಿನ ಮೊದಲ ಒಡೆಯರು, ಬೇರೆ ಕರಾರಿಲ್ಲದಿದ್ದರೆ, ನಿರ್ಮಾಪಕರೇ ಎಂದಿತು. ಅಂದಿನಿಂದ ಮುಂದಿನ ಮೂವತ್ತೈದು ವರ್ಷ ಬಹುಪಾಲು ಗೀತಕಾರರ ಪಾಡು ಒಂದೇ: ಒಂದು ಸಲ ಸಂಭಾವನೆ, ಒಂದು ಸಹಿ, ಅಲ್ಲಿಗೆ ಮುಗಿಯಿತು. ಹಾಡು ಅರ್ಧ ಶತಮಾನ ಬಾಳಿದರೂ ಅವರಿಗೆ ಮತ್ತೊಂದು ಪೈಸೆ ಬರಬೇಕೆಂಬ ನಿಯಮವಿರಲಿಲ್ಲ. ಹಿಂದಿ ಗೀತಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದರ ವಿರುದ್ಧ ದನಿ ಎತ್ತಿದರು. 2012ರ ಜೂನ್ 21ರಿಂದ ಜಾರಿಗೆ ಬಂದ ಹಕ್ಕುಸ್ವಾಮ್ಯ ಕಾಯ್ದೆಯ ತಿದ್ದುಪಡಿ, ಚಿತ್ರಮಂದಿರದಲ್ಲಿ ಸಿನಿಮಾದ ಜತೆ ಬರುವುದನ್ನು ಬಿಟ್ಟು ಬೇರೆಲ್ಲ ಬಳಕೆಗೆ ಗೀತಕಾರರಿಗೂ ಸಂಗೀತಗಾರರಿಗೂ ಸಮಪಾಲಿನ ರಾಯಧನ ಸಲ್ಲಬೇಕು, ಆ ಹಕ್ಕನ್ನು ಅವರು ಬಿಟ್ಟುಕೊಡುವಂತೆಯೂ ಇಲ್ಲ ಎಂದು ಬರೆಯಿತು. ಆದ್ದರಿಂದ 2012ಕ್ಕೆ ಮುಂಚೆ ಕಳ್ಳ ನಕಲಿನಿಂದ ‘ಕವಿಯ ಅನ್ನ ಹೋಯಿತು’ ಎಂದರೆ ಸಿನಿಮಾ ಹಾಡಿನ ಮಟ್ಟಿಗೆ ಅದು ಪೂರ್ತಿ ಸತ್ಯವಲ್ಲ. ಆ ಅನ್ನವನ್ನು ಕರಾರುಪತ್ರವೇ ಮೊದಲು ಉಂಡಿತ್ತು. ಆ ತಿದ್ದುಪಡಿಯ ನಂತರ ನಮ್ಮ ತಪ್ಪಿನ ತೂಕ ಹೆಚ್ಚಿದೆ. ಈಗ ಕೇಳುಗರು ಕೊಟ್ಟ ಹಣದಲ್ಲಿ ಒಂದು ಪಾಲು ಬರೆದವರಿಗೆ ಹೋಗುವ ದಾರಿ ಕಾನೂನಿನಲ್ಲಿದೆ. ಕೊಡದಿದ್ದರೆ ಆ ದಾರಿ ಮುಚ್ಚುವವರು ನಾವೇ.

ಶಿಕ್ಷೆಯ ಮಾತಿಗೆ ಬಂದರೆ ಸರ್ಕಾರ ಹಿಡಿದ ದಾರಿ ನನಗೆ ಒಪ್ಪಿಗೆಯಿಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲೇ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಲಯ ಶಿಕ್ಷೆಯನ್ನು ಇಳಿಸಬಹುದೆಂಬ ವಿವೇಕವೂ ಅದೇ ಕಲಮಿನಲ್ಲಿದೆ. ಅದು ಸಾಲದೆಂದು 2014ರಲ್ಲಿ ಕರ್ನಾಟಕದ ಗೂಂಡಾ ಕಾಯ್ದೆಗೆ ತಿದ್ದುಪಡಿ ತಂದು, ಆ್ಯಸಿಡ್ ದಾಳಿ ಮಾಡುವವರು, ಭೂಗಳ್ಳರು, ಅಕ್ರಮ ಹಣ ಬಿಳಿ ಮಾಡುವವರ ಸಾಲಿಗೆ ವಿಡಿಯೊ–ಆಡಿಯೊ ಪೈರಸಿ ಮಾಡುವವರನ್ನೂ ಸೇರಿಸಲಾಯಿತು. ಆ ಕಾಯ್ದೆಯಡಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದು. ಸಿನಿಮಾ ಬಿಡುಗಡೆಯಾದ ದಿನವೇ ಕದ್ದು ಹರಿಯಬಿಡುವ ದೊಡ್ಡ ಜಾಲಕ್ಕೆ ಕಠಿಣ ಶಿಕ್ಷೆ ಬೇಕು ಎಂದರೆ ಸರಿ. ಆದರೆ ಕಾಯ್ದೆಯ ಪದಗಳು ಜಾಲವನ್ನೂ ಬಸ್‌ಸ್ಟ್ಯಾಂಡಿನ ರೀಚಾರ್ಜ್ ಹುಡುಗನನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತವೆ. ದೂರದ ಸರ್ವರಿನ ಹಿಂದೆ ಕೂತವರು ಕೈಗೆ ಸಿಗುವುದು ಕಷ್ಟ. ಕೌಂಟರಿನ ಹಿಂದೆ ಕೂತವನು ಸಿಗುವುದು ಸುಲಭ. ಸುಲಭಕ್ಕೆ ಸಿಗುವವರಿಗೆ ಬಿಗಿ ಕಾನೂನು ಮಾಡಿದರೆ ಅದು ಹಾಡುಗಾರರಿಗೆ ಮಾಡಿದ ನ್ಯಾಯವಾಗುವುದಿಲ್ಲ.

ಹಕ್ಕುಸ್ವಾಮ್ಯ ಕಾಯ್ದೆಗೆ ಹೃದಯವೂ ಇದೆ. ಮದುವೆಯಲ್ಲಿ, ದಿಬ್ಬಣದಲ್ಲಿ, ಧಾರ್ಮಿಕ ಆಚರಣೆಯಲ್ಲಿ ಹಾಡು ಹಾಕಿದರೆ ಯಾರ ಅಪ್ಪಣೆಯೂ ಬೇಡವೆಂದು 52ನೇ ಕಲಮಿನಲ್ಲಿದೆ. ಆದರೂ ಕಲ್ಯಾಣ ಮಂಟಪಗಳಲ್ಲಿ ರಾಯಧನ ಕೇಳುತ್ತಾರೆಂಬ ದೂರುಗಳು ಬಂದು, 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಸ್ಪಷ್ಟಪಡಿಸಬೇಕಾಯಿತು. ಊರಿನ ಸಂತೋಷಕ್ಕೂ ಅಂಗಡಿಯ ಲಾಭಕ್ಕೂ ನಡುವೆ ಗೆರೆ ಎಳೆಯುವುದು ಸಾಧ್ಯ ಎಂಬುದಕ್ಕೆ ಈ ಕಲಮು ಸಾಕ್ಷಿ.

ಇಲ್ಲಿ ನಮ್ಮ ಪರಂಪರೆಯ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ದುಡ್ಡಿಲ್ಲದೆ ಹಾಡು ಹಂಚಿಕೊಳ್ಳುವುದು ಈ ಸೀಮೆಗೆ ಹೊಸದಲ್ಲ. ಎಡೆಯೂರಿನ ತೋಂಟದ ಸಿದ್ಧಲಿಂಗ ಯತಿಗಳು 701 ವಚನ ಬರೆದರು. ಅವನ್ನು ಪ್ರತಿ ಮಾಡಿಕೊಂಡವರು ಯಾರಿಗೂ ರಾಯಧನ ಕಟ್ಟಲಿಲ್ಲ. ದಾಸರ ಪದ ಭಜನೆಮನೆಯಿಂದ ಭಜನೆಮನೆಗೆ ನಡೆದುಕೊಂಡೇ ಹೋಯಿತು. ಏಕತಾರಿ ಹಿಡಿದ ತತ್ವಪದಕಾರರು ಯಾರಿಂದ ಕಲಿತರೋ ಅವರಿಗೆ ಶರಣೆಂದು ಹೇಳಿ ಹಾಡಿದರು. ಹಂಚಿಕೊಂಡಷ್ಟೂ ಹಾಡು ಬೆಳೆಯಿತು. ಆದರೆ ಆ ಪ್ರತಿಯೊಂದು ಹಾಡಿನ ಹೊಟ್ಟೆಯಲ್ಲೂ ಒಂದು ಅಂಕಿತ ಇತ್ತು. ಸಿದ್ಧಲಿಂಗರದು ‘ಮಹಾಲಿಂಗಗುರು ಶಿವಸಿದ್ಧೇಶ್ವರಪ್ರಭುವೇ’, ಷರೀಫರದು ಶಿಶುನಾಳಧೀಶ, ಪುರಂದರದಾಸರದು ಪುರಂದರವಿಠಲ. ಅಂಕಿತ ದೇವರ ಹೆಸರೇ ಇರಬಹುದು, ಆದರೆ ಕೇಳಿದವರಿಗೆ ಇದು ಯಾರ ಮಾತು ಎಂಬುದು ತಿಳಿಯುತ್ತಿತ್ತು. ಪ್ರತಿ ಮಾಡುವವರಿಗೆ ಅದನ್ನು ಕಿತ್ತು ತಮ್ಮ ವಿಳಾಸ ಹಾಕಲು ಕೈ ಬರುತ್ತಿರಲಿಲ್ಲ. ಕಿತ್ತರೆ ಪದವೇ ಮುರಿಯುತ್ತಿತ್ತು. ‘ನಮ್ಮದು ಹಂಚಿ ತಿನ್ನುವ ಸಂಸ್ಕೃತಿ, ಹಕ್ಕುಸ್ವಾಮ್ಯ ಪಶ್ಚಿಮದಿಂದ ಬಂದದ್ದು’ ಎಂದು ಡೌನ್‌ಲೋಡಿಗೆ ಸಮರ್ಥನೆ ಕೊಡುವವರು ಈ ಅರ್ಧವನ್ನು ಮರೆಯುತ್ತಾರೆ. ಹಂಚಿಕೆ ಹಳೆಯದು. ಹೆಸರು ಕಿತ್ತು ಹಂಚುವುದು ಹೊಸದು.

ಇನ್ನೊಂದು ತೊಡಕಿದೆ: ಕೊಳ್ಳೋಣವೆಂದರೂ ಮಾರುವವರಿಲ್ಲದ ಹಾಡುಗಳು. 1884ರಲ್ಲಿ ಶುರುವಾದ ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘ ನಮ್ಮ ತುಮಕೂರು ಜಿಲ್ಲೆಯದೇ. ಕಂಪನಿ ನಾಟಕಗಳ ರಂಗಗೀತೆಗಳು ಗ್ರಾಮಾಫೋನ್ ತಟ್ಟೆಗಳಲ್ಲಿ ಬಂದು ಊರೂರು ತಲುಪಿದ್ದವು. 80–90ರ ದಶಕದಲ್ಲಿ ಸಣ್ಣಪುಟ್ಟ ಕಂಪನಿಗಳು ತಂದ ಜನಪದ, ಹರಿಕಥೆ, ಬಯಲಾಟದ ಕ್ಯಾಸೆಟ್ಟುಗಳಲ್ಲಿ ಎಷ್ಟೋ ಮತ್ತೆಂದೂ ಅಚ್ಚಾಗಲಿಲ್ಲ. ಕಂಪನಿ ಮುಚ್ಚಿದೆ, ಮೂಲ ಟೇಪು ಎಲ್ಲಿದೆಯೋ ಗೊತ್ತಿಲ್ಲ. ಇವನ್ನು ಅಟ್ಟದ ಪೆಟ್ಟಿಗೆಯಿಂದ ತೆಗೆದು, ಬೂಸ್ಟು ಹಿಡಿದ ರಿಬ್ಬನ್ನನ್ನು ಒರೆಸಿ, ಹಲ್ಲು ಸವೆದ ಟೇಪ್‌ರೆಕಾರ್ಡರಿಗೆ ಹಾಕಿ ಕಂಪ್ಯೂಟರಿಗೆ ಇಳಿಸಿ ಹಂಚುವ ಜನರಿದ್ದಾರೆ. ಕಾನೂನಿನ ಕಣ್ಣಿಗೆ ಅದೂ ಬಹುಮಟ್ಟಿಗೆ ಉಲ್ಲಂಘನೆಯೇ. ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ ಅರವತ್ತು ವರ್ಷ ಉಳಿಯುತ್ತದೆ. ಬರೆದವರ, ರಾಗ ಹಾಕಿದವರ ಹಕ್ಕು ಅವರು ತೀರಿಕೊಂಡ ಮೇಲೂ ಅರವತ್ತು ವರ್ಷ. ಷರೀಫರು 1889ರಲ್ಲಿ ತೀರಿಕೊಂಡರು, ಅವರ ಪದ ಎಲ್ಲರದು. 2009ರಲ್ಲಿ ತೀರಿಕೊಂಡ ಅಶ್ವಥ್ ಅದಕ್ಕೆ ಹಾಕಿದ ರಾಗದ ಹಕ್ಕು 2069ರವರೆಗೆ ಇರುತ್ತದೆ. ಕೆ.ಎಸ್.ನ. ಅವರ ‘ಮೈಸೂರ ಮಲ್ಲಿಗೆ’ 1942ರದು, ಕವಿ ಅಗಲಿದ್ದು 2003ರಲ್ಲಿ. ಅದರ ಹಕ್ಕು 2063ರವರೆಗೆ. ಇವೆಲ್ಲ ಸರಿಯೇ. ಆದರೆ ಮಾರುವವರೂ ಇಲ್ಲದೆ, ಕೇಳಲು ವಾರಸುದಾರರೂ ಸಿಗದೆ ಕ್ಯಾಸೆಟ್ಟಿನಲ್ಲೇ ಕೊಳೆಯುತ್ತಿರುವ ತತ್ವಪದವನ್ನು ಉಳಿಸಿದವರನ್ನು ನಾನು ಕಳ್ಳರೆನ್ನಲಾರೆ. ಅವರಲ್ಲಿ ಒಳ್ಳೆಯವರು ಒಳಕಾಗದದ ಫೋಟೊವನ್ನೂ ಜತೆಗೆ ಹಾಕುತ್ತಾರೆ. ಆ ಫೋಟೊ ಇದೆಯೋ ಇಲ್ಲವೋ ಎಂದು ನಾನು ಮೊದಲು ನೋಡುತ್ತೇನೆ.

2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದ ಮೇಲೆ ಕಾರ್ಡು ತುಂಬಿಸುವ ಕಸುಬು ತಾನಾಗಿ ಕರಗಿತು. ಯಾವ ಪೊಲೀಸರಿಂದಲೂ ಆಗದ್ದು ಅಗ್ಗದ ಡೇಟಾದಿಂದ ಆಯಿತು. ಈಗ ತೋಟದಲ್ಲಿ ಕೂತು ಯೂಟ್ಯೂಬಿನಲ್ಲೋ ಜಿಯೊಸಾವನ್‌ನಲ್ಲೋ ಹಾಡು ಕೇಳಿದರೆ ಅದು ಕದ್ದದ್ದಲ್ಲ. ಜಾಹೀರಾತು ನೋಡಿದ್ದಕ್ಕೆ ಪೈಸೆಗಳಲ್ಲಿ ಏನೋ ಒಂದು ಹಕ್ಕುದಾರರಿಗೆ ಹೋಗುತ್ತದೆ. ಕೋಟಿ ಸಲ ಕೇಳುವ ಹಾಡಿಗೆ ಆ ಪೈಸೆಗಳು ದೊಡ್ಡ ಮೊತ್ತವಾಗುತ್ತವೆ. ಎರಡು ಸಾವಿರ ಜನ ಪ್ರೀತಿಯಿಂದ ಕೇಳುವ ಭಾವಗೀತೆಗೆ ಆಗುವುದಿಲ್ಲ. ಅಂದು ಎರಡು ಸಾವಿರ ಕ್ಯಾಸೆಟ್ ಮಾರಿದ್ದರೆ ಇನ್ನೊಂದು ಕ್ಯಾಸೆಟ್ ಮಾಡುವ ಧೈರ್ಯ ಬರುತ್ತಿತ್ತು. ಕಳವು ನಿಂತಿತು, ಸಣ್ಣವರಿಗೆ ಹಣ ಮಾತ್ರ ಮರಳಲಿಲ್ಲ. ಆದ್ದರಿಂದ ‘ನಾನೀಗ ಕದಿಯುತ್ತಿಲ್ಲ’ ಎಂಬ ಸಮಾಧಾನದಿಂದ ಕೇಳುಗರ ಹೊಣೆ ಮುಗಿಯಿತೆಂದು ನನಗೆ ಅನ್ನಿಸುವುದಿಲ್ಲ. ಇಷ್ಟದ ಸುಗಮ ಸಂಗೀತದವರನ್ನು ಶಾಲೆಯ ವಾರ್ಷಿಕೋತ್ಸವಕ್ಕೆ, ಜಾತ್ರೆಗೆ, ಗಣಪತಿ ಪೆಂಡಾಲಿಗೆ ಕರೆಸಿ ಕೈತುಂಬ ಸಂಭಾವನೆ ಕೊಡುವುದು ಈಗ ಅವರಿಗೆ ಹಣ ಮುಟ್ಟಿಸುವ ಅತ್ಯಂತ ನೇರ ದಾರಿ. ಪೆಂಡಾಲಿನ ಸೀರಿಯಲ್ ಸೆಟ್ಟಿಗೆ, ಡಿಜೆಗೆ ಲಕ್ಷ ಎತ್ತುವ ಸಮಿತಿಗಳು ತಂಬೂರಿಯವರ ಮುಂದೆ ಚೌಕಾಸಿಗೆ ಕೂರುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಕೊನೆಗೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ವಿಷಯಕ್ಕೆ ಬರುತ್ತೇನೆ. ಹೆಸರು ಕೀಳುವುದನ್ನು ವೆಬ್‌ಸೈಟುಗಳಷ್ಟೇ ಮಾಡಲಿಲ್ಲ, ಕಂಪನಿಗಳೂ ಮಾಡಿದವು. ಜನಪದ ಗೀತೆಗಳ ಎಷ್ಟೋ ಕ್ಯಾಸೆಟ್ಟುಗಳ ಒಳಕಾಗದದಲ್ಲಿ ‘ಸಾಹಿತ್ಯ: ಜನಪದ’ ಎಂದಿರುತ್ತಿತ್ತು. ಯಾವ ಹಟ್ಟಿಯ ಯಾವ ಅಜ್ಜಿಯಿಂದ ಆ ಪದ ಬಂತು ಎಂಬುದಿಲ್ಲ. ಪದಕ್ಕೆ ಕರ್ತೃ ಇಲ್ಲದಿರಬಹುದು, ಅದನ್ನು ಎದೆಯಲ್ಲಿಟ್ಟುಕೊಂಡು ದಾಟಿಸಿದವರು ಇದ್ದೇ ಇರುತ್ತಾರೆ. ಕೃಷ್ಣಮೂರ್ತಿ ಹನೂರರು ಚಳ್ಳಕೆರೆ ಸೀಮೆಯ ಕಾಡುಗೊಲ್ಲರ ಸಿರಿಯಜ್ಜಿಯ ಹಾಡುಗಳನ್ನು ಬರೆದುಕೊಂಡು ‘ಸಾವಿರದ ಸಿರಿಬೆಳಗು’ ತಂದಾಗ ಆ ಅಜ್ಜಿಯ ಹೆಸರನ್ನೇ ಮುಂದಿಟ್ಟರು. ಹಾಡು ಸಮುದಾಯದ್ದು ಎಂದು ಹೇಳುತ್ತಲೇ ಹಾಡಿದವರನ್ನು ಹೆಸರಿಸಬಹುದು ಎಂಬುದನ್ನು ಅದು ತೋರಿಸಿತು. ಅಂಥವೇ ಹಾಡುಗಳು ಇಂದು ರಿಮಿಕ್ಸಾಗಿ, ಕಂಪನಿಯ ಹೆಸರಲ್ಲಿ ನೋಂದಣಿಯಾಗಿ ಅಂತರ್ಜಾಲದಲ್ಲಿ ಓಡುತ್ತಿವೆ. ಕಂಪನಿಗಳಿಗೆ ತಮ್ಮ ಹಕ್ಕು ಚೆನ್ನಾಗಿ ಗೊತ್ತು. 2022ರ ನವೆಂಬರಿನಲ್ಲಿ ‘ಕೆಜಿಎಫ್ 2’ರ ಸಂಗೀತವನ್ನು ವಿಡಿಯೊದಲ್ಲಿ ಬಳಸಿದ್ದಕ್ಕೆ ಎಂಆರ್‌ಟಿ ಮ್ಯೂಸಿಕ್ ಬೆಂಗಳೂರಿನ ನ್ಯಾಯಾಲಯಕ್ಕೆ ಹೋಗಿ ಕಾಂಗ್ರೆಸ್ಸಿನ ಟ್ವಿಟರ್ ಖಾತೆಯನ್ನೇ ತಡೆಹಿಡಿಯುವ ಆದೇಶ ತಂದಿತ್ತು, ಆ ವಿಡಿಯೊವನ್ನು ತೆಗೆಯಬೇಕೆಂಬ ಷರತ್ತಿನ ಮೇಲೆ ಹೈಕೋರ್ಟು ಮರುದಿನ ಅದನ್ನು ರದ್ದು ಮಾಡಿತು. ಸೋಬಾನೆ ಹಾಡುವ ಅಜ್ಜಿಗೆ ಅಂಥ ವಕೀಲರಿಲ್ಲ.

ಭಾಗವತರಿಗೂ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆ ಮೂಡಲಪಾಯ ಯಕ್ಷಗಾನದ ತವರು. ಭಾಗವತರು ಊರಿನ ಹುಡುಗರಿಗೆ ತಿಂಗಳುಗಟ್ಟಲೆ ಪದ, ಕುಣಿತ ಕಲಿಸಿ, ಮದ್ದಳೆ, ಮುಖವೀಣೆಯ ಹಿಮ್ಮೇಳದಲ್ಲಿ ಬೆಳಗಿನವರೆಗೆ ‘ಕರಿಭಂಟನ ಕಾಳಗ’ ಆಡಿಸುತ್ತಾರೆ. ಈಗ ಆಟದ ಮುಂದೆ ಕೂತವರಲ್ಲಿ ಹತ್ತಾರು ಮಂದಿ ಫೋನ್ ಎತ್ತಿ ಹಿಡಿದಿರುತ್ತಾರೆ. ಮರುದಿನ ಅದು ಯೂಟ್ಯೂಬಿನಲ್ಲಿ, ವಾಟ್ಸ್ಆ್ಯಪಿನಲ್ಲಿ. ಶೀರ್ಷಿಕೆ ‘ಸೂಪರ್ ನಾಟಕ’. ಕೆಳಗೆ ಏರಿಸಿದವರ ಚಾನೆಲಿನ ಹೆಸರು. ಭಾಗವತರ ಹೆಸರಿಲ್ಲ, ಮುಖವೀಣೆಯವರ ಹೆಸರಿಲ್ಲ, ಕೆಲವೊಮ್ಮೆ ಊರಿನ ಹೆಸರೂ ಇಲ್ಲ. ಹೀಗೆ ಮಾಡುವವರು ಕೆಟ್ಟವರಲ್ಲ, ಕಲೆಯ ಮೇಲಿನ ಅಭಿಮಾನದಿಂದಲೇ ಮಾಡುತ್ತಾರೆ. ಆದರೆ 1994ರ ತಿದ್ದುಪಡಿಯಿಂದ ನಮ್ಮ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಪ್ರದರ್ಶಕರ ಹಕ್ಕು ಇದೆ. ಪ್ರದರ್ಶಕರು ಯಾರೆಂದು ಅದು ಹೇಳುವ ಪಟ್ಟಿಯಲ್ಲಿ ನಟರು, ಗಾಯಕರು, ವಾದ್ಯಗಾರರ ಜತೆ ದೊಂಬರಾಟದವರು, ಜಾದೂಗಾರರು, ಹಾವಾಡಿಗರೂ ಇದ್ದಾರೆ. ಆಟವನ್ನು ನಮ್ಮ ಮನೆಯಲ್ಲಿ ನೋಡಿಕೊಳ್ಳಲು ಚಿತ್ರಿಸಿಕೊಂಡರೆ ತಪ್ಪಿಲ್ಲ. ಎಲ್ಲರಿಗೂ ಏರಿಸಬೇಕಾದರೆ ಅವರ ಒಪ್ಪಿಗೆ ಬೇಕು. ಆ ಹಕ್ಕು ಐವತ್ತು ವರ್ಷ ಉಳಿಯುತ್ತದೆ. 2012ರ ತಿದ್ದುಪಡಿ ಇನ್ನೊಂದನ್ನು ಸೇರಿಸಿತು: ಪ್ರದರ್ಶನ ಎಲ್ಲೇ ಬಂದರೂ ತನ್ನನ್ನು ಪ್ರದರ್ಶಕನೆಂದು ಹೆಸರಿಸಬೇಕೆಂದು ಕೇಳುವ ಹಕ್ಕು.

ಮುಂದಿನ ಸುಗ್ಗಿಯ ನಂತರ ಆಟಗಳು ಮತ್ತೆ ಶುರುವಾಗುತ್ತವೆ. ಆಡಿಸುವ ಸಮಿತಿಯವರು ಫೋನ್ ಎತ್ತುವವರನ್ನು ತಡೆಯುವುದು ಬೇಕಿಲ್ಲ, ಅದು ಆಗುವ ಮಾತೂ ಅಲ್ಲ. ರಂಗದ ಪಕ್ಕದ ಕಂಬಕ್ಕೆ ಒಂದು ಹಲಗೆ ಕಟ್ಟಿ, ಭಾಗವತರು, ಮದ್ದಳೆ, ಮುಖವೀಣೆ, ವೇಷಧಾರಿಗಳು, ಊರು, ಮೇಳವನ್ನು ಕರೆಸಬೇಕಾದವರಿಗೆ ಒಂದು ಫೋನ್ ನಂಬರು, ಇಷ್ಟನ್ನು ದಪ್ಪ ಅಕ್ಷರದಲ್ಲಿ ಬರೆಸಿದರೆ ಯಾವ ಫೋನಿನಲ್ಲಿ ಸೆರೆಹಿಡಿದರೂ ಅದು ಚೌಕಟ್ಟಿನೊಳಗೆ ಬರುತ್ತದೆ. ಹಲಗೆಗೂ ಬಣ್ಣಕ್ಕೂ ಆಗುವ ಖರ್ಚು ಪೆಟ್ರೋಮ್ಯಾಕ್ಸ್ ಕಾಲದಲ್ಲಿ ಸೀಮೆಎಣ್ಣೆಗೆ ಆಗುತ್ತಿದ್ದಷ್ಟೂ ಅಲ್ಲ.